ಅಮೇರಿಕಾದ ಬದುವಿಗೆ ಹತ್ತಿದ ಒಂದೆಕರೆ

ಆ ವರ್ಷ ಅಣ್ಣಿಗೇರಿಯ ಹೆಂಗಸರು ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅಮೇರಿಕಾಕ್ಕೆ ಹೋಗಿ, ಸಂಜೆ ದನ ಮನೆಗೆ ಬರುವ ಹೊತ್ತಿಗೆ ತಿರುಗಿ ಬರುತ್ತಿದ್ದರು. ವಿಮಾನ ಬೇಕಿರಲಿಲ್ಲ, ಹಳ್ಳ ದಾಟಿದರೆ ಸಾಕು. ಪಾಸ್‌ಪೋರ್ಟೂ ಬೇಕಿರಲಿಲ್ಲ, ಬಲಗೈ ಹೆಬ್ಬೆರಳಿನ ಉಗುರು ತುಸು ಉದ್ದ ಇದ್ದವರಿಗೆಲ್ಲ ಪ್ರವೇಶವಿತ್ತು.

"ನಡೀರಬೇ, ಅಮೇರಿಕಾಕ್ಕ ಹೋಗೂಣು, ಹೊತ್ತಾತು!" ಎಂದು ಓಣಿಯ ತುದಿಯಲ್ಲಿ ನಿಂತು ಕೂಗುವವಳು ಕಸ್ತೂರೆವ್ವ.

ಅಮೇರಿಕಾ ಎಂದರೆ ಶಂಕ್ರಪ್ಪ ಸಾವಕಾರನ ಹನ್ನೆರಡೆಕರೆ ಬೀಜದ ಹತ್ತಿಯ ಹೊಲ. ಹೆಸರು ಇಟ್ಟವಳೂ ಕಸ್ತೂರೆವ್ವನೇ. ಒಂದು ದಿನ ಶಂಕ್ರಪ್ಪ ಬದುವಿನ ಮೇಲೆ ನಿಂತು, ಎರಡು ಸಲ ಕೆಮ್ಮಿ, "ಅಗದಿ ಅಮೇರಿಕಾ ಆಗೈತಿ ನೋಡ್ರಿ ನಮ್ಮ ಹೊಲಾ!" ಎಂದು ಹೇಳಿ ಹೋಗಿದ್ದ. ಅವನು ಬೆನ್ನು ತಿರುಗಿಸಿದ್ದೇ ತಡ, ಕಸ್ತೂರೆವ್ವ ಸೆರಗನ್ನು ರುಮಾಲಿನಂತೆ ತಲೆಗೆ ಸುತ್ತಿ, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಎರಡು ಸಲ ಕೆಮ್ಮಿ, "ಅಗದೀ…" ಎಂದಳು. ನಗೆ ಸಾಲಿನಿಂದ ಸಾಲಿಗೆ ಕಾಲುವೆ ನೀರಿನಂತೆ ಹಾಯಿತು. ಹಿಂದಿನ ಸಾಲಿನಲ್ಲಿದ್ದ ಹಲೀಮಾಬಿ ನಕ್ಕು ನಕ್ಕು ಕೂತೇಬಿಟ್ಟಳು. ಅಂದಿನಿಂದ ಹೊಲಕ್ಕೆ ಅದೇ ಹೆಸರು.

ಮಲಪ್ರಭೆಯ ನೀರು ಎರೆಭೂಮಿಗೆ ಇಳಿದ ಮೇಲೆ ಆ ಸೀಮೆಗೆ ಹೈಬ್ರೀಡ್ ಹತ್ತಿಯ ಹುಚ್ಚು ಹತ್ತಿತ್ತು. ವರಲಕ್ಷ್ಮಿ ಎಂಬ ಆ ಹತ್ತಿಯ ಬೀಜ ತಾನಾಗಿ ಆಗುವುದಿಲ್ಲ, ಅದಕ್ಕೆ ಮದುವೆ ಮಾಡಿಸಬೇಕು. ಹೆಣ್ಣು ನಮ್ಮ ಕಡೆಯದು, ಹೆಸರು ಲಕ್ಷ್ಮಿ. ಗಂಡು ಪರದೇಶದ್ದು, ಅವನಿಗೆ ಹೆಸರಿಲ್ಲ, ಬರೀ ನಂಬರು. ಮಧ್ಯಾಹ್ನದ ಮೇಲೆ ಹೆಂಗಸರು ಮರುದಿನ ಅರಳಲಿರುವ ಲಕ್ಷ್ಮಿಯ ಮೊಗ್ಗುಗಳನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಒಳಗಿನ ಕೇಸರವನ್ನೆಲ್ಲ ಬಿಡಿಸಿ, ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಹೂ ಕಿತ್ತು ತಂದು, ಟೊಪ್ಪಿಗೆ ತೆಗೆದು, ಮೆಲ್ಲಗೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಒಂದೊಂದು ಬೆಳಿಗ್ಗೆ ಸಾವಿರಾರು ಮದುವೆ, ಊಟವಿಲ್ಲ, ಓಲಗವಿಲ್ಲ. ಮದುವೆ ಮಾಡಿಸಿದವರಿಗೆ ದಿನಗೂಲಿ.

ಹತ್ತಿಯಿಂದ ಮೇಲೆ ಹತ್ತಿದವರು ಕೆಲವರು, ಹತ್ತಿಗಾಗಿ ಬಗ್ಗಿದವರು ಬಹಳ ಜನ. ಶಂಕ್ರಪ್ಪ ಹತ್ತಿದವರಲ್ಲಿ ಮೊದಲಿಗ. ಮೊದಲ ಸುಗ್ಗಿಗೆ ಫಟಫಟಿ ಬಂತು. ಮರುವರ್ಷ ಟ್ರ್ಯಾಕ್ಟರ್. ಅದರ ಮರುವರ್ಷ ಫ್ರಿಜ್ಜು. ಅದನ್ನು ಪಡಸಾಲೆಯ ನಡುವೆ ಇಟ್ಟು, ಹೂಮಾಲೆ ಹಾಕಿ, ಬಂದವರಿಗೆಲ್ಲ ಬಾಗಿಲು ತೆರೆದು ತೋರಿಸುತ್ತಿದ್ದರು. ಕರೆಂಟು ಇಲ್ಲದಾಗ ಅದರಲ್ಲಿ ಉಳ್ಳಾಗಡ್ಡಿ ಇಡುತ್ತಿದ್ದರು. ಕರೆಂಟು ಬಹಳ ಸಲ ಇರುತ್ತಿರಲಿಲ್ಲ. ಅದೇ ವರ್ಷಗಳಲ್ಲಿ ಕಸ್ತೂರೆವ್ವನ ಮನೆಗೆ ಬಂದದ್ದೆಂದರೆ ಚಿಮಣಿ ದೀಪಕ್ಕೆ ಒಂದು ಹೊಸ ಗಾಜು.

ಶಂಕ್ರಪ್ಪನ ತಲೆಯಲ್ಲಿ ಅಮೇರಿಕಾ ಬಿತ್ತಿದವರು ದಿನಕರ ಮಾಸ್ತರರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅವರು ಶಂಕ್ರಪ್ಪನ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದರು. ಮರುದಿನದ ಪಾಠವನ್ನು ಹಿಂದಿನ ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಹೇಳಿ ನೋಡುವುದು ಅವರ ರೂಢಿ. ಯಾವ ದೇಶದ ರಾಜನಾದರೂ ಅವರ ಬಾಯಲ್ಲಿ ಧಾರವಾಡ ಜಿಲ್ಲೆಯವನೇ.

"ದೊಡ್ಡ ಲಡಾಯಿ ಮುಗೀತು ನೋಡ್ರಿ ಶಂಕ್ರಪ್ಪನವರ, ಹತ್ತೊಂಬತ್ತನೂರಾ ಇಪ್ಪತ್ತನೇ ಇಸ್ವಿ ದಾಟಿದ್ದ ದಾಟಿದ್ದು, ಅಮೇರಿಕಾದೊಳಗ ರೊಕ್ಕಾ ಅನ್ನೋದು ಬಾಗಲಾ ದಬ್ಬಿ ಒಳಗ ಬಂತು. ಮೋಟಾರು! ರೇಡಿಯೋ! ಅರಿವಿ ಒಗ್ಯೋ ಮಷೀನು! ಮುಗಿಲಿಗೆ ಮುಟ್ಟೂ ಮನಿ!" ಎಂದು ಶುರು ಮಾಡಿ, ಮಾಸ್ತರರು ಎದ್ದು ನಿಂತು ಅಲ್ಲಿನ ಅಂಗಡಿಕಾರನಾಗುತ್ತಿದ್ದರು. ದನಿ ಮಾತ್ರ ಸಂತೆಯ ಬಳೆಗಾರನದು. "ಬರ್ರಿ ಅಕ್ಕಾರ, ಬರ್ರಿ! ರೊಕ್ಕ ಇಲ್ಲೇನ್ರಿ? ಯಾರ್ ಕೇಳ್ಯಾರ್ರಿ? ಮೊದ್ಲ ಮನಿಗೆ ಒಯ್ರಿ. ತಿಂಗಳಾ ತಿಂಗಳಾ ಚೂರಚೂರ ಕೊಡ್ರಿ. ನೀವೇನ್ ಓಡಿ ಹೋಗ್ತೀರೇನ್ರಿ?"

"ಭಾಳ ಶಾಣ್ಯಾ ಮಂದಿ!" ಶಂಕ್ರಪ್ಪ ತೊಡೆ ತಟ್ಟುತ್ತಿದ್ದ.

"ಹಜಾಮತಿ ಮಾಡಾಂವಾನೂ ಕಂಪನಿ ಶೇರು ತೊಗೊಂಡ. ಬೂಟ್ ತಿಕ್ಕಾಂವಾನೂ ತೊಗೊಂಡ. ಎಲ್ಲಾರೂ ನಾಳೆ ಸಾವಕಾರ ಆಗಾವ್ರು. ಆದರ…"

"ಆದರ" ಎಂದ ಕೂಡಲೇ ಶಂಕ್ರಪ್ಪನಿಗೆ ಹಸಿವಾಗುತ್ತಿತ್ತು. "ರೊಟ್ಟಿ ಆರತಾವ್ರಿ ಮಾಸ್ತರ, ನಾಳೆ ಕೇಳೂಣು" ಎಂದು ಏಳುತ್ತಿದ್ದ. ಮರುದಿನ ಮತ್ತೆ, "ಆ ಮೋಟಾರಿಂದು ಹೇಳ್ರಿ" ಎಂದು ಮೊದಲಿಗೇ ಬರುತ್ತಿದ್ದ. ಹೀಗಾಗಿ ಅವನು ಅಮೇರಿಕಾದ ಮುಂಬಾಗಿಲಿನಿಂದ ಎಷ್ಟೋ ಸಲ ಒಳಗೆ ಹೋಗಿದ್ದನೇ ಹೊರತು, ಹಿತ್ತಲು ನೋಡಿರಲಿಲ್ಲ.

ಪೂರ್ತಿ ಅಮೇರಿಕಾ ಕೇಳುತ್ತಿದ್ದವರು ಇಬ್ಬರೇ. ಒಬ್ಬಳು ಶಂಕ್ರಪ್ಪನ ತಾಯಿ ಗುರವ್ವ. ಮೊಣಕಾಲು ನೋವಿನಿಂದ ಅವಳಿಗೆ ಮಗನಷ್ಟು ಬೇಗ ಏಳಲಾಗುತ್ತಿರಲಿಲ್ಲ. ಹತ್ತಿಯ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು. ಇನ್ನೊಬ್ಬಳು ಕಸ್ತೂರೆವ್ವ. ಸಂಜೆ ಮಜ್ಜಿಗೆಗೆಂದು ಬಂದವಳು ಚೆರಿಗೆ ಹಿಡಿದು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದಳು.

"ಆದರ, ಮೋಟಾರು ಮಾಡೂ ಮಂದಿಗೆ, ಹೊಲದಾಗ ದುಡಿಯೂ ಮಂದಿಗೆ ಆ ರೊಕ್ಕಾ ಮುಟ್ಟಲೇ ಇಲ್ಲ ನೋಡ್ರಿ ಅವ್ವಾರ" ಎಂದು ಮಾಸ್ತರರು ದನಿ ಇಳಿಸಿ ಮುಂದುವರಿಸುತ್ತಿದ್ದರು. "ದಕ್ಷಿಣದ ಕಡೆ ಕರೀ ಮಂದಿ ಧಣಿ ಹೊಲಾ ಪಾಲಿಗೆ ಮಾಡಿ ಹತ್ತಿ ಬೆಳೀತಿದ್ರು. ಸುಗ್ಗಿ ಆದ ಮ್ಯಾಲೆ ಅವರ ಪಾಲಿಗೆ ಉಳೀತಿದ್ದದ್ದು ಹತ್ತಿಕಟ್ಟಿಗಿ. ಹಿಂಗಾದ್ರ ಮಾಡಿದ ಮಾಲು ಕೊಳ್ಳಾವ್ರು ಯಾರು? ಒಬ್ಬ ಧಣಿ ಎಷ್ಟ ಮೋಟಾರಿನಾಗ ಕೂಡ್ತಾನ? ಮಾಲು ಅಂಗಡ್ಯಾಗ ಉಳೀತು, ಕಾರ್ಖಾನಿ ನಿಂತ್ವು. ಇಪ್ಪತ್ತೊಂಬತ್ತರಾಗ ಎಲ್ಲಾ ಧಡಲ್ ಅಂತ ಕೆಳಗ ಬಿತ್ತು."

"ಹತ್ತಿ ಬೆಳದಾಕಿ ಮೈಮ್ಯಾಲೆ ಅಲ್ಲೂ ಹರಕ ಸೀರೀನೇನ್ರಿ?" ಕಸ್ತೂರೆವ್ವ ಕಂಬದ ಹಿಂದಿನಿಂದ ಕೇಳಿದಳು.

"ಸೀರಿ ಅಲ್ಲ, ಬ್ಯಾರೆ ಅರಿವಿ. ಹರಕು ಮಾತ್ರ ಖರೇ."

"ಹಂಗಾರ ನಾ ಹೊಲಕ್ಕ ಇಟ್ಟ ಹೆಸರು ಸುಳ್ಳಲ್ಲ ಬಿಡ್ರಿ."

ಬತ್ತಿ ಹೊಸೆಯುವ ಗುರವ್ವನ ಕೈ ಒಂದು ಗಳಿಗೆ ನಿಂತಿತು.

ಕಸ್ತೂರೆವ್ವನಿಗೂ ಒಂದೆಕರೆ ಇತ್ತು. ಮದುವೆಯಲ್ಲಿ ಅಪ್ಪ ಅರಿಷಿಣ ಕುಂಕುಮಕ್ಕೆಂದು ಕೊಟ್ಟದ್ದು. ಅಪ್ಪ ಅವ್ವ ಹೋದ ಮೇಲೆ ತವರಿನ ಬಾಗಿಲು ಮುಚ್ಚಿತ್ತು; ಈ ಎಕರೆಯೇ ಅವಳಿಗೆ ಉಳಿದ ತವರು. ಗಂಡ ಈರಪ್ಪ ಹತ್ತಿ ಹಿಂಜುವ ಗಿರಣಿಯಲ್ಲಿ ದುಡಿಯುತ್ತಿದ್ದ, ಹೊಲ ಇವಳದೇ ಉಸಾಬರಿ. ಆದರೆ ಅದು ಇದ್ದದ್ದು ಶಂಕ್ರಪ್ಪನ ಬದುವಿಗೆ ಹತ್ತಿಕೊಂಡು. ಬೀಜದ ಹೊಲದ ಸುತ್ತ ಐವತ್ತು ಮೀಟರಿನೊಳಗೆ ಬೇರೆ ಹತ್ತಿ ಇರಬಾರದೆಂಬುದು ಸರಕಾರದ ಕಾಯಿದೆ. ಇದ್ದರೆ ಜೇನುಹುಳ ಅಲ್ಲಿಯ ಹೂವಿನ ಹುಡಿಯನ್ನು ಇಲ್ಲಿಗೆ ತಂದು ಬೀಜದ ಕುಲ ಕೆಡಿಸುತ್ತದೆ. ಅದಕ್ಕೇ ಪ್ರತಿ ವರ್ಷ ಬಿತ್ತಿಗೆಯ ಹೊತ್ತಿಗೆ ಶಂಕ್ರಪ್ಪನಿಂದ ಒಂದು ಸೀರೆ ಬರುತ್ತಿತ್ತು, ಜೊತೆಗೊಂದು ಮಾತು: "ಈ ವರ್ಷಾನೂ ಜ್ವಾಳಾನ ಹಾಕು, ಕಸ್ತೂರಿ."

ಈ ವರ್ಷ ಅವಳು ಸೀರೆ ತಿರುಗಿ ಕಳಿಸಿದಳು. ಎಕರೆ ತುಂಬ ಲಕ್ಷ್ಮಿ ಹತ್ತಿ ಬಿತ್ತಿದಳು. ಹಲೀಮಾಬಿ ಬಾಯಿ ಮೇಲೆ ಕೈ ಇಟ್ಟುಕೊಂಡು, "ಏನ ಮಾಡ್ದಿ ಕಸ್ತೂರಕ್ಕಾ?" ಎಂದಾಗ, "ಮಂದಿ ಮನೀ ಮದಿವಿ ಮಾಡಿ ಮಾಡಿ ಸಾಕಾತು. ಒಮ್ಮಿ ನನ್ನ ಹೊಲದಾಗೂ ಹಂದರ ಬೀಳ್ಲಿ" ಎಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ: ತನ್ನ ಎಕರೆಯನ್ನೂ ಬೀಜದ ಹೊಲದಲ್ಲಿ ಸೇರಿಸಿಕೊಳ್ಳಬೇಕು, ತನ್ನ ಮೊಗ್ಗಿಗೆ ತಾನು ದಾರ ಕಟ್ಟಬೇಕು.

ಮೊಗ್ಗು ಕಾಣಿಸಿಕೊಳ್ಳುವ ಹೊತ್ತಿಗೆ ಬೀಜದ ಸಾಹೇಬರು ತಪಾಸಣೆಗೆ ಬಂದರು. ಬದುವಿನ ಮೇಲೆ ನಿಂತು ಕನ್ನಡಕ ಏರಿಸಿದರು.

"ಈ ಹತ್ತಿ ಯಾರದ್ರಿ?"

"ನಮ್ಮ ಆಳು ಹೆಣಮಗಳದ್ರಿ ಸಾಹೇಬ್ರ" ಎಂದ ಶಂಕ್ರಪ್ಪ.

"ನಂದ್ರಿ" ಎಂದು ಸಾಲಿನ ನಡುವಿನಿಂದ ದನಿ ಬಂತು. "ಆಳು ಆ ಹೊಲದಾಗ. ಇಲ್ಲಿ ನಾನ ಒಡತಿ."

ಸಾಹೇಬರಿಗೆ ಒಡೆತನದ ಜಗಳ ಬೇಕಿರಲಿಲ್ಲ. "ಅದನ್ನ ಕಿತ್ತಸ್ರಿ, ಇಲ್ಲಾ ಇದ್ರಾಗ ಕೂಡಿಸಿ ಬೀಜದ ಹೊಲಾ ಅಂತ ಬರಸ್ರಿ. ಎರಡೂ ಇಲ್ಲಂದ್ರ ನಿಮ್ಮ ಹನ್ನೆರಡೂ ಎಕರೆ ರದ್ದು. ಸೀಗಿ ಹುಣ್ಣಿಮಿ ಮುಗಿಸಿ ಬರ್ತೀನಿ" ಎಂದು ಜೀಪು ಹತ್ತಿದರು.

ಜೀಪಿನ ಧೂಳು ಇಳಿಯುವ ಮೊದಲೇ ಶಂಕ್ರಪ್ಪ ಕೆಮ್ಮಿದ. "ಕಸ್ತೂರಿ, ನುಕ್ಸಾನಿ ಎಷ್ಟ ಆಗತೈತಿ ಹೇಳು, ಕೊಡ್ತೀನಿ. ಕಿತ್ತ ಒಗಿ."

"ಕೊಡೂದು ಬ್ಯಾಡ್ರಿ ಸಾವಕಾರ್ರ. ಕೂಡಿಸ್ಕೋರಿ. ನಿಮ್ಮ ಗಂಡ ಹೂವು ದಿನಾ ಬುಟ್ಟಿಗಟ್ಟಲೆ ಉಳದ ಬಾಡ್ತಾವು. ಅದರಾಗಿಂದ ನಾಕ ಹೂವು ನನಗ ಕೊಟ್ರ ಸಾಕು."

"ಬೀಜದ ಹೊಲಾ ಅಂದ್ರ ಗುಬ್ಬಿ ಆಟ ಅಂತ ತಿಳದಿಯೇನು? ಅದಕ್ಕ ದೊಡ್ಡ ಮಂದಿ ಬೇಕು."

"ಕೈ ಮಾತ್ರ ಸಣ್ಣ ಮಂದೀದು ಬೇಕೇನ್ರಿ?"

"ಇವತ್ತ ನಿನ್ನ ಕೂಡಿಸ್ಕೊಂಡ್ರ ನಾಳೆ ಓಣಿ ಓಣೀನ ಬರತೈತಿ!"

"ಬರ್ಲಿ ಬಿಡ್ರಿ. ಅಮೇರಿಕಾ ಅಗದೀ ದೊಡ್ಡದೈತಿ."

ಅವಳ "ಅಗದೀ"ಯಲ್ಲಿ ತನ್ನ ದನಿಯನ್ನೇ ಕೇಳಿದ ಶಂಕ್ರಪ್ಪನ ಮುಖ ಕೆಂಪಾಯಿತು. "ಹುಣ್ಣಿಮಿ ಮರುದಿನ ಆ ಹತ್ತಿ ಅಲ್ಲೇ ಇದ್ರ ನಾನ ಟ್ರ್ಯಾಕ್ಟರ್ ಹಾಯಸ್ತೀನಿ" ಎಂದು ಹೇಳಿ ಫಟಫಟಿ ಹತ್ತಿದ. ಅಂದು ಮಧ್ಯಾಹ್ನ ಸಾಲುಗಳಲ್ಲಿ ಯಾರೂ ನಗಲಿಲ್ಲ. ಕಸ್ತೂರೆವ್ವ ಎಂದಿನಂತೆ ಸಾವಕಾರನ ಮೊಗ್ಗು ಬಿಡಿಸುತ್ತಿದ್ದಳು, ನಡುನಡುವೆ ತಲೆ ಎತ್ತಿ ಬದುವಿನಾಚೆ ನೋಡುತ್ತಿದ್ದಳು.

ಸೀಗಿ ಹುಣ್ಣಿಮೆ ಬಂತು. ಅಂದು ಭೂಮಿತಾಯಿ ತುಂಬಿದ ಬಸುರಿ. ರೈತರು ಅವಳ ಬಯಕೆಯ ಊಟ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬುಟ್ಟಿಯಲ್ಲಿ ಎಲ್ಲ ಅಡಿಗೆ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಚರಗ ಚೆಲ್ಲುವವನು ಸುತ್ತು ಮುಗಿಯುವ ತನಕ ನಡುವೆ ನಿಲ್ಲುವಂತಿಲ್ಲ, ಹಿಂದೆ ತಿರುಗಿ ನೋಡುವಂತಿಲ್ಲ. ಆಮೇಲೆ ಧಣಿ, ಆಳು, ನೆರೆಯವರು ಎಲ್ಲರೂ ಗಿಡದ ನೆರಳಲ್ಲಿ ಕೂತು ಉಣ್ಣುವುದು.

ಆ ವರ್ಷ ಶಂಕ್ರಪ್ಪ ಟ್ರ್ಯಾಕ್ಟರಿನ ಮೇಲೆ ಚರಗ ಚೆಲ್ಲುವುದೆಂದು ನಿಶ್ಚಯಿಸಿದ್ದ.

"ಭೂಮಿತಾಯಿಗೆ ಉಣಸಾಕ ಗಾಡಿ ಮ್ಯಾಲಿಂದ ಒಗೀತಿಯೇನೋ ಶಂಕ್ರೂ?" ಎಂದಳು ಗುರವ್ವ.

"ಅಮೇರಿಕಾದಾಗ ಯಾರೂ ನಡಕೊಂತ ಏನೂ ಮಾಡೂದಿಲ್ಲಬೇ ಯವ್ವಾ. ಕೇಳು ಮಾಸ್ತರನ್ನ" ಎಂದು ಹೇಳಿ ಶಂಕ್ರಪ್ಪ ಹೊಸ ರುಮಾಲು ಸುತ್ತಿಕೊಂಡು ಟ್ರೇಲರ್ ಹತ್ತಿದ. ಬಗಲಲ್ಲಿ ಚರಗದ ಬುಟ್ಟಿ. ಹಬ್ಬದ ಊಟಕ್ಕೆ ಬಂದಿದ್ದ ದಿನಕರ ಮಾಸ್ತರರು ಬನ್ನಿಗಿಡದ ಕೆಳಗೆ ಕೂತು, ತಮ್ಮನ್ನು ಯಾರೂ ಕೇಳದಿರಲಿ ಎಂದು ಕಡುಬಿನ ಕಡೆ ಮುಖ ಮಾಡಿದರು. ಟ್ರ್ಯಾಕ್ಟರ್ ಓಡಿಸುವ ಮಡಿವಾಳೆಪ್ಪನಿಗೆ ಶಂಕ್ರಪ್ಪ, "ಏನ ಆದ್ರೂ ನಡುವ ನಿಲ್ಲಸಬ್ಯಾಡಲೇ" ಎಂದು ತಾಕೀತು ಮಾಡಿದ.

ಟ್ರ್ಯಾಕ್ಟರ್ ಗುಡುಗಿತು. "ಹುಲಿಗ್ಯೋ! ಹುಲಿಗ್ಯೋ!" ಎಂದು ಚರಗದ ಕೂಗು ಹಾಕುತ್ತ, ಮುಗಿಲಿಗೆ ಮುಖ ಎತ್ತಿ, ಶಂಕ್ರಪ್ಪ ಕೈತುಂಬ ಚೆಲ್ಲತೊಡಗಿದ. ಮೂರು ಮಗ್ಗುಲು ಸರಳ ಮುಗಿಯಿತು. ನಾಲ್ಕನೆಯ ಮಗ್ಗುಲಿಗೆ ತಿರುಗುವ ಮೂಲೆಯಲ್ಲಿ, ಹಿಂದಿನ ದಿನ ಕಾಲುವೆಯ ನೀರು ಸೋರಿ ಎರೆಮಣ್ಣು ಪಾಯಸದಂತಾಗಿತ್ತು. ಇಳಿದರೆ ಗಾಲಿ ಮೇಲೇಳುವ ಮಾತಿಲ್ಲ. ನಿಲ್ಲಿಸುವಂತೆಯೂ ಇಲ್ಲ. ಮಡಿವಾಳೆಪ್ಪನ ಕಣ್ಣಿಗೆ ಗಟ್ಟಿ ನೆಲವೆಂದು ಕಂಡದ್ದು ಒಂದೇ ದಾರಿ: ಬದುವಿನಾಚೆಯ ಚಕ್ಕಡಿ ಜಾಡು. ಅದು ಕಸ್ತೂರೆವ್ವನ ಎಕರೆಯನ್ನು ಪೂರ್ತಿ ಬಳಸಿಕೊಂಡು ಬರುತ್ತಿತ್ತು. ಅವನು ಅತ್ತ ತಿರುಗಿಸಿದ.

"ಸಾವಕಾರ್ರ! ಅದು ಕಸ್ತೂರಕ್ಕನ ಹೊಲಾ!" ಹಲೀಮಾಬಿ ಕೂಗಿದಳು. "ಸಾವಕಾರ್ರ!" ಎಂದು ಹೆಂಗಸರೆಲ್ಲ ಕೂಗಿದರು, ಕೈ ಬೀಸಿದರು. ಎಂಜಿನ್ನಿನ ಸದ್ದಿನಲ್ಲಿ ಶಂಕ್ರಪ್ಪನಿಗೆ ಕೇಳಿಸಿದ್ದು ಬರೀ ಗದ್ದಲ. ತನ್ನ ಹೊಸ ಪದ್ಧತಿ ಮಂದಿಗೆ ಭಾರೀ ಹಿಡಿಸಿದೆ ಎಂದುಕೊಂಡು ಅವನು ಇನ್ನೂ ಹುರುಪಿನಿಂದ, ಬುಟ್ಟಿಯ ತಳದ ಹೋಳಿಗೆಯನ್ನೂ ಬಿಡದೆ, ಒಂದೆಕರೆಯ ಸುತ್ತ ಚೆಲ್ಲಿ ಬಂದ. ಹಿಂದೆ ತಿರುಗಿ ನೋಡಲಿಲ್ಲ. ನೋಡಬಾರದು.

ಬನ್ನಿಗಿಡದ ಕೆಳಗೆ ಇಳಿದಾಗ ಎಲ್ಲರೂ ಸುಮ್ಮನಿದ್ದರು.

"ಯಾಕ, ಎಲ್ಲಾರ ಬಾಯಾಗೂ ಕಡಬೇನು?"

"ಕಸ್ತೂರಕ್ಕನ ಹೊಲಕ್ಕೂ ಉಣಸಿ ಬಂದ್ರಿ, ಸಾವಕಾರ್ರ" ಎಂದಳು ಹಲೀಮಾಬಿ.

ಶಂಕ್ರಪ್ಪ ಈಗ ತಿರುಗಿ ನೋಡಿದ. ಗಾಲಿಯ ಗುರುತು ಎರಡೂ ಹೊಲಗಳನ್ನು ಒಂದೇ ಸುತ್ತಿನಲ್ಲಿ ಕಟ್ಟಿಹಾಕಿತ್ತು. ಬದುವಿನಾಚೆ ಕಾಗೆಗಳು ಆಗಲೇ ಹೋಳಿಗೆಗೆ ಇಳಿದಿದ್ದವು.

"ಮೂಲ್ಯಾಗ ಕೆಸರಿತ್ರಿ ಅಪ್ಪಾರ" ಎಂದ ಮಡಿವಾಳೆಪ್ಪ, ಟ್ರ್ಯಾಕ್ಟರಿನ ಮರೆಯಿಂದ. "ನಿಲ್ಲಸಬ್ಯಾಡ ಅಂದಿದ್ರಿ."

"ಆತೇಳು" ಎಂದು ಶಂಕ್ರಪ್ಪ ನಗಲು ನೋಡಿದ. "ನಾಕ ತುತ್ತು ಹೆಚ್ಚ ಹೋತು. ನಾಳೆ ಹೆಂಗೂ…" ಎಂದವನು ಅಲ್ಲಿಗೇ ನಿಂತ.

"ನಾಳೆ ಏನೋ?" ಗುರವ್ವ ಕೋಲು ಊರಿಕೊಂಡು ಎದ್ದಳು. "ಇವತ್ತ ಬಸುರಿಗೆ ಬಯಕಿ ಉಣಸಿ, ನಾಳೆ ಆಕಿ ಹೊಟ್ಟಿ ಮ್ಯಾಲೆ ಟ್ರ್ಯಾಕ್ಟರ್ ಹಾಯಸ್ತೀಯೇನೋ?"

"ನಾ ನೋಡಲಿಲ್ಲಬೇ ಯವ್ವಾ!"

"ನೋಡದ ನೀಡಿದ್ರ ಊಟ ಅಲ್ಲೇನು? ತಾಯಿ ಉಂಡಾಳ."

ಕಸ್ತೂರೆವ್ವ ಮುಂದೆ ಬಂದಳು. ತಲೆ ತುಂಬ ಸೆರಗು. ಅವಳು ಈಗ ಯಾರ ದನಿ ತೆಗೆಯುತ್ತಾಳೋ ಎಂದು ಹೆಂಗಸರು ಕಾದರು. ಅವಳು ತೆಗೆದದ್ದು ತನ್ನದೇ ದನಿ.

"ಬಯಕಿ ಊಟ ತರೂದು ತವರ ಮನಿಯವರ್ರಿ. ನನ್ನ ತವರು ಮುಚ್ಚಿ ಭಾಳ ವರ್ಷ ಆತು. ಅಪ್ಪ ಕೊಟ್ಟ ಆ ಎಕರೆಗೆ ಬಯಕಿ ತರಾವ್ರು ಯಾರೂ ಇಲ್ಲಂತ ಒಬ್ಬಾಕೀನ ಚರಗ ಚೆಲ್ಲತಿದ್ದೆ. ಇವತ್ತ ನೀ ತಂದಿ, ಅಣ್ಣಾ."

ಸಾವಕಾರ ಹೋಗಿ ಅಣ್ಣ ಬಂದದ್ದು ಎಲ್ಲರಿಗೂ ಕೇಳಿಸಿತು. ಶಂಕ್ರಪ್ಪ ಎರಡು ಸಲ ಕೆಮ್ಮಿದ. "ಅಗದಿ" ಬರಲಿಲ್ಲ. ರುಮಾಲು ತೆಗೆದ, ಮತ್ತೆ ಇಟ್ಟುಕೊಂಡ. ಕಡೆಗೆ ದಿಕ್ಕು ತೋಚದೆ ಮಾಸ್ತರರ ಕಡೆ ತಿರುಗಿದ.

"ಮಾಸ್ತರ, ಅಮೇರಿಕಾದಾಗ ಇಂಥಾ ಹೊತ್ತಿನ್ಯಾಗ ಏನ ಮಾಡ್ತಿದ್ರು?"

ಮಾಸ್ತರರು ಕಡುಬು ನುಂಗಿದರು. "ಅಲ್ಲೆ ಚರಗಾ ಚೆಲ್ಲೂದಿಲ್ರಿ. ಅದಕ್ಕ ಬಿತ್ತು."

"ಏನ ಬಿತ್ತು?"

"ಎಲ್ಲಾ ಬಿತ್ರಿ. ದಿನಾ ಹೇಳ್ತಿದ್ದೆ. ನೀವು ರೊಟ್ಟಿ ಆರತಾವಂತ ಎದ್ದ ಹೋಗ್ತಿದ್ರಿ."

ಶಂಕ್ರಪ್ಪ ಬೆರಗಾದ. ತಾನು ಇಷ್ಟು ದಿನ ಓಡಾಡಿಕೊಂಡಿದ್ದ ದೇಶ ಐವತ್ತು ವರ್ಷದ ಹಿಂದೆಯೇ ಬಿದ್ದಿತ್ತೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಹೆಂಗಸರ ಪಂಕ್ತಿಯ ತುದಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. "ಹೇಳ್ರಿ. 'ಆದರ' ಇಂದ ಹೇಳ್ರಿ."

ಮಾಸ್ತರರು ಹೇಳಿದರು. ಈ ಸಲ ಯಾರ ದನಿಯನ್ನೂ ತೆಗೆಯಲಿಲ್ಲ. ಮಾಲು ತುಂಬಿದ ಅಂಗಡಿ, ಕೊಳ್ಳಲಾಗದ ಮಂದಿ, ಹತ್ತಿ ಬೆಳೆದವರ ಹರಕು ಅರಿವೆ, ಒಮ್ಮೆಲೇ ಕುಸಿದ ಪೇಟೆ. ಶಂಕ್ರಪ್ಪ ಕೇಳುತ್ತ ಕೇಳುತ್ತ ಪಂಕ್ತಿಯ ಮೇಲೆ ಕಣ್ಣಾಡಿಸಿದ. ಇಷ್ಟು ವರ್ಷ ತನ್ನ ಹತ್ತಿಯ ಮದುವೆ ಮಾಡಿಸಿದವರ ಸೀರೆಗಳನ್ನು ಅವನು ಕೂತು ನೋಡಿದ್ದು ಅದೇ ಮೊದಲು. ಎದುರಿಗೆ ಕೂತ ಕಸ್ತೂರೆವ್ವನ ಹೆಗಲ ಮೇಲೆ ತೇಪೆ ಇತ್ತು. ಅವನು ಕಳಿಸಿದ್ದ ಹಿಂದಿನ ವರ್ಷದ ಸೀರೆಯೇ ಅದು.

"ಹಬ್ಬದಾಗ ಇದೇನ್ರಿ ಅಪಶಕುನ" ಎಂದು ಗೊಣಗಿದನೇ ಹೊರತು ಅವನು ಏಳಲಿಲ್ಲ. ಅವನ ಎಲೆಯ ಮೇಲಿನ ರೊಟ್ಟಿ ಪೂರ್ತಿ ಆರಿತು.

ಎರಡು ದಿನ ಬಿಟ್ಟು ಜೀಪು ಬಂತು. ಟ್ರ್ಯಾಕ್ಟರ್ ಹಾಯ್ದಿರಲಿಲ್ಲ. ಒಂದೆಕರೆ ಹತ್ತಿ ನಿಂತೇ ಇತ್ತು.

"ಇದೇನ್ರಿ, ಕಿತ್ತಿಸಿಲ್ಲಲಾ?" ಎಂದರು ಸಾಹೇಬರು.

"ಕೂಡಿಸಿ ಬರಕೋರಿ" ಎಂದ ಶಂಕ್ರಪ್ಪ.

"ನಿಮ್ಮ ಹೆಸರಿನ್ಯಾಗೇನ್ರಿ? ಹದಿಮೂರು ಎಕರೆ ಅಂತ ಬರೀಲೇನು?"

ಸಾಲುಗಳಲ್ಲಿ ಕೈಗಳೆಲ್ಲ ನಿಂತವು. ಶಂಕ್ರಪ್ಪನಿಗೂ ಅದು ಗೊತ್ತಾಯಿತು. ಹದಿಮೂರು ಎಂಬುದು ಒಂದು ಕ್ಷಣ ಅವನ ನಾಲಿಗೆಯ ತುದಿಗೆ ಬಂದು ನಿಂತದ್ದು ಸುಳ್ಳಲ್ಲ. ಎರಡು ಸಲ ಕೆಮ್ಮಿ ಅದನ್ನು ಒಳಗೆ ಹಾಕಿದ.

"ಹನ್ನೆರಡು ನಂದು. ಆ ಒಂದು ಕಸ್ತೂರೆವ್ವಂದು. ಬ್ಯಾರೆ ಬರೀರಿ. ಬೀಜದ ಚೀಲದ ಮ್ಯಾಲೂ ಆಕಿ ಹೆಸರ ಬರಬೇಕು. ಗಂಡ ಹೂವು ನಮ್ಮ ಕಡಿಂದ."

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹಲೀಮಾಬಿ ರೊಟ್ಟಿ ಮುರಿಯದೆ ಕೂತಿದ್ದಳು. "ನಿನಗೇನು ಕಸ್ತೂರಕ್ಕಾ, ಎಕರೆ ಇತ್ತು, ಅಣ್ಣ ಸಿಕ್ಕ. ನನಗ ಬದುವೂ ಇಲ್ಲ."

"ಕೈ ಅದಾವಲಾ? ಒಂದೆಕರೆ ಮದಿವಿ ನಾ ಒಬ್ಬಾಕೀನ ಹೆಂಗ ಮಾಡ್ಲಿ? ಅರ್ಧಕ್ಕರ್ಧ ಸಾಲು ನಿನ್ನವು. ಕೂಲಿ ಅಲ್ಲಬೇ, ಪಾಲು."

ಹಲೀಮಾಬಿ ಅವಳ ಮುಖವನ್ನೇ ನೋಡಿದಳು, ಆಮೇಲೆ ತನ್ನ ಬುತ್ತಿಯ ಚಟ್ನಿಯನ್ನು ಪೂರ್ತಿ ಅವಳ ರೊಟ್ಟಿಯ ಮೇಲೆ ಸುರಿದಳು.

ಮರುದಿನ ಸೂರ್ಯ ಏರುವ ಮೊದಲೇ ಕಸ್ತೂರೆವ್ವ ತನ್ನ ಎಕರೆಯಲ್ಲಿದ್ದಳು. ಹಿಂದಿನ ಸಂಜೆ ಹಾಕಿದ ಕೆಂಪು ಟೊಪ್ಪಿಗೆಗಳು ಇಬ್ಬನಿಯಲ್ಲಿ ನೆನೆದು ಸಾಲುಗಟ್ಟಿ ನಿಂತಿದ್ದವು. ಮೊದಲ ಟೊಪ್ಪಿಗೆ ತೆಗೆದಳು. ಲಕ್ಷ್ಮಿ ಅರಳಿದ್ದಳು. ಬದುವಿನಾಚೆಯಿಂದ ಕಿತ್ತು ತಂದಿದ್ದ ಒಂದು ಗಂಡು ಹೂ ಸವರಿ, ದಾರ ಕಟ್ಟಿ, ಗಂಟನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದಳು. ಬಂದು ಸೇರಿದ ಹೆಂಗಸರು ಸುತ್ತ ನಿಂತಿದ್ದರು. ಕಣ್ಣು ತುಂಬಿ ಬಂದದ್ದನ್ನು ಅವರಿಗೆ ತೋರಿಸಲಾಗದೆ, ಅವಳು ಸೆರಗನ್ನು ರುಮಾಲಿನಂತೆ ಸುತ್ತಿ, ಹೊಟ್ಟೆ ಮುಂದೆ ಮಾಡಿ, ಒಂದು ಸಲ ಕೆಮ್ಮಿದಳು.

"ಅಗದೀ ಬಿಗಿಯಾಗಿ ಕಟ್ರಿ ನೋಡ್ರಿ ದಾರಾ!"

ಯಾರೂ ನಗಲಿಲ್ಲ. ಹಲೀಮಾಬಿ ಕಣ್ಣಿನಿಂದಲೇ ಅವಳ ಹಿಂದೆ ತೋರಿಸಿದಳು. ಬದುವಿನ ಮೇಲೆ ಶಂಕ್ರಪ್ಪ ನಿಂತಿದ್ದ. ತಲೆಯ ಮೇಲೆ ಗಂಡು ಹೂವಿನ ಬುಟ್ಟಿ. ಫಟಫಟಿ ಇಲ್ಲದೆ, ನಡೆದೇ ಬಂದಿದ್ದ.

ಅವನು ಬುಟ್ಟಿ ಇಳಿಸಿ ಅವಳ ಕಾಲ ಬಳಿ ಇಟ್ಟ.

"ತಪ್ಪಿದಿ, ತಂಗಿ" ಎಂದ. "ನಾ ಎರಡ ಸಲ ಕೆಮ್ಮತೀನಿ."